ಮಕ್ಕಳ ಹಠ, ಸಿಟ್ಟು ಮತ್ತು ಮಿದುಳಿನ ರಸಾಯನ



ಮಠದ ಕಚೇರಿಯಲ್ಲಿ ಜಮಾಖರ್ಚು ಬರೆಯುತ್ತ ಕುಳಿತ ನನ್ನ ಮೇಜಿನ ಎದುರಿಗೆ ವರ್ಷದಲ್ಲಿ ಹಲವು ಸಲ ಒಂದೇ ಬಗೆಯ ದೃಶ್ಯ ಕಾಣುತ್ತದೆ. ಮುಂದೆ ತಂದೆ, ಹಿಂದೆ ಕಣ್ಣೊರೆಸಿಕೊಳ್ಳುವ ತಾಯಿ, ನಡುವೆ ತಲೆ ತಗ್ಗಿಸದೆ ನಿಂತ ಎಂಟು-ಹತ್ತು ವರ್ಷದ ಹುಡುಗ. "ಹೇಳಿದ ಮಾತು ಕೇಳುವುದಿಲ್ಲ, ತಂಗಿಗೆ ಹೊಡೆಯುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಬಾರಿಸಿದರೂ ಹೆದರುವುದಿಲ್ಲ. ಒಂದು ದಾರ ಕಟ್ಟಿಸಿಕೊಡಿ" ಎಂದು ಕೇಳುತ್ತಾರೆ. ಆಶೀರ್ವಾದ ಪಡೆದು ಹೋಗುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ದಾರ ಕಟ್ಟಿದ ಮೇಲೆ ಎಲ್ಲವೂ ಸರಿಹೋಗುತ್ತದೆಂದು ಕಾಯುತ್ತ ಕುಳಿತರೆ ಆ ಮಗುವಿನ ಬೆಲೆಬಾಳುವ ಎರಡು-ಮೂರು ವರ್ಷಗಳು ಕೈತಪ್ಪಿ ಹೋಗುತ್ತವೆ. ಆಮೇಲೆ ಶಾಲೆ ಬಿಡಿಸಿ ಯಾರದೋ ಅಂಗಡಿಗೋ ದೂರದ ಹಾಸ್ಟೆಲಿಗೋ ಕಳುಹಿಸುವುದೊಂದೇ ದಾರಿ ಎಂದು ಮನೆಯವರಿಗೆ ತೋರುತ್ತದೆ.

ನಾನು ವೈದ್ಯನಲ್ಲ, ಬಿ.ಕಾಂ. ಓದಿ ಲೆಕ್ಕ ಬರೆಯುವವನು. ತಿಳಿದವರು ಕಂಡುಕೊಂಡದ್ದನ್ನು ಓದಿ, ನಮ್ಮ ಹೊಲ ಮತ್ತು ಅಂಗಡಿಯ ಭಾಷೆಯಲ್ಲಿ ಹೇಳುವ ಪ್ರಯತ್ನ ಇದು. ಹೇಳಬೇಕಾದ ಮಾತು ಇಷ್ಟೇ: ಸಿಟ್ಟಿಗೆ ಕಡಿವಾಣ ಹಾಕುವ ಶಕ್ತಿ ಮಗುವಿನ ಮಿದುಳಿನಲ್ಲಿ ನಿಧಾನವಾಗಿ ಬೆಳೆಯುತ್ತದೆ, ಕೆಲವು ಮಕ್ಕಳಲ್ಲಿ ಇನ್ನೂ ನಿಧಾನವಾಗಿ ಬೆಳೆಯುತ್ತದೆ, ಅದನ್ನು ಬೆಳೆಸುವುದೂ ಕೆಡಿಸುವುದೂ ಬಹುಮಟ್ಟಿಗೆ ಮನೆಯ ಕೈಯಲ್ಲಿದೆ.

1. ಸಹಜವಾದ ಹಠ ಯಾವುದು, ತೊಂದರೆ ಯಾವುದು?

ಎರಡು-ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುವುದು ಸಹಜ. ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಎದುರು ಮಾತನಾಡುವುದೂ ಸಹಜ. ಹಾಗಾದರೆ ತೊಂದರೆ ಎಂದು ಯಾವಾಗ ಹೇಳಬೇಕು? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ಎಂಟು ಲಕ್ಷಣಗಳ ಪಟ್ಟಿ ಇದೆ. ಪದೇ ಪದೇ ತಾಳ್ಮೆ ಕಳೆದುಕೊಳ್ಳುವುದು, ಸಣ್ಣ ಮಾತಿಗೂ ಸಿಡುಕುವುದು, ಸದಾ ಕೋಪದಲ್ಲಿರುವುದು, ಹಿರಿಯರೊಡನೆ ವಾದಿಸುವುದು, ನಿಯಮವನ್ನು ಬೇಕೆಂದೇ ಮೀರುವುದು, ಬೇಕೆಂದೇ ಇತರರನ್ನು ಕೆಣಕುವುದು, ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು, ಸೇಡು ತೀರಿಸಿಕೊಳ್ಳುವುದು. ಇವುಗಳಲ್ಲಿ ನಾಲ್ಕಾದರೂ ಕನಿಷ್ಠ ಆರು ತಿಂಗಳು ಕಾಣಿಸಿಕೊಂಡು, ಓದಿಗೋ ಮನೆಯ ನೆಮ್ಮದಿಗೋ ಗೆಳೆತನಕ್ಕೋ ಅಡ್ಡಿಯಾದರೆ ವೈದ್ಯರು ಅದನ್ನು ಆಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್, ಅಂದರೆ ಎದುರುಬೀಳುವ ಹಠದ ತೊಂದರೆ ಎಂದು ಕರೆಯುತ್ತಾರೆ. ಅಣ್ಣ-ತಮ್ಮಂದಿರ ಜಗಳ ಮಾತ್ರ ಇದ್ದರೆ ಈ ಲೆಕ್ಕಕ್ಕೆ ಬರುವುದಿಲ್ಲ.

ಇದು ಪಟ್ಟಣದ ಶ್ರೀಮಂತರ ಮಕ್ಕಳ ಕಾಯಿಲೆ ಎಂದು ಭಾವಿಸುವವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿ ಈ ಮೂರು ಕಡೆ ಹದಿನಾರು ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಎಲ್ಲ ಬಗೆಯ ಮಾನಸಿಕ ತೊಂದರೆಗಳನ್ನು ಸೇರಿಸಿದರೆ ನೂರಕ್ಕೆ 12.5 ಮಕ್ಕಳಲ್ಲಿ ಒಂದಲ್ಲ ಒಂದು ತೊಂದರೆ ಇತ್ತು. ಹಳ್ಳಿ-ಪಟ್ಟಣಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೆರಡು ಸಂಗತಿಗಳನ್ನು ನಾವು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ತಮ್ಮ ಮಗುವಿಗೆ ಏನೋ ತೊಂದರೆ ಇದೆಯೆಂದು ಅರಿತಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ. ಎರಡನೆಯದು, ದೈಹಿಕ ಹಿಂಸೆಗೆ ಒಳಗಾದ ಮಕ್ಕಳಲ್ಲಿ ಮತ್ತು ತಂದೆ-ತಾಯಿಗೇ ಮಾನಸಿಕ ಕಾಯಿಲೆ ಇದ್ದ ಮನೆಗಳಲ್ಲಿ ಈ ತೊಂದರೆಗಳು ಹೆಚ್ಚಾಗಿ ಕಂಡುಬಂದವು. ಈ ಎರಡನೆಯ ಸಂಗತಿಗೆ ಮುಂದೆ ಮತ್ತೆ ಬರೋಣ.

ಗಡಿಯಾಚೆ ನೆಲೆಸಿದ ನಮಗೆ ಮತ್ತೊಂದು ಎಚ್ಚರಿಕೆ ಬೇಕು. ನಮ್ಮ ಹನುಮಂತನಪಟ್ಟಿ, ಉತ್ತಮಪಾಳ್ಯ, ಚಿನ್ನಮನೂರು, ಕಂಬಂ ಕಡೆಯ ಮನೆಗಳಲ್ಲಿ ಮಗು ಕೇಳಿ ಬೆಳೆಯುವುದು ಕನ್ನಡ, ಶಾಲೆಯಲ್ಲಿ ಎದುರಾಗುವುದು ತಮಿಳು ಅಥವಾ ಇಂಗ್ಲಿಷು. ಪಾಠ ಅರ್ಥವಾಗದ ಮಗು ಸುಮ್ಮನೆ ಕೂರುವುದಿಲ್ಲ, ಪಕ್ಕದವನನ್ನು ಚಿವುಟುತ್ತದೆ. ಕಿವಿ ಸರಿಯಾಗಿ ಕೇಳದ ಮಗುವೂ, ಕಣ್ಣು ಮಂಜಾದ ಮಗುವೂ ಹೀಗೆಯೇ ಹಠಮಾರಿ ಎನಿಸಿಕೊಳ್ಳುವುದುಂಟು. ಆದ್ದರಿಂದ ಹಣೆಪಟ್ಟಿ ಕಟ್ಟುವ ಮೊದಲು ಭಾಷೆ, ಕಿವಿ, ಕಣ್ಣು ಈ ಮೂರನ್ನೂ ನೋಡಿಕೊಳ್ಳಬೇಕು.

2. ಮಿದುಳಿನ ತೂಬು

1895ರಲ್ಲಿ ಮುಲ್ಲೈಪೆರಿಯಾರ್ ಅಣೆಕಟ್ಟು ಮುಗಿದಂದಿನಿಂದ ಬೆಟ್ಟದಾಚೆಯ ನೀರು ಸುರಂಗದ ಮೂಲಕ ನಮ್ಮ ಕಣಿವೆಗೆ ಇಳಿಯುತ್ತಿದೆ. ಆ ನೀರು ಗದ್ದೆಗೆ ಅನ್ನವಾಗಬೇಕಾದರೆ ತೂಬು ಬೇಕು, ತೂಬನ್ನು ಹದವಾಗಿ ಎತ್ತಿ ಇಳಿಸುವ ನೀರುಗಂಟಿ ಬೇಕು. ತೂಬು ಕೆಟ್ಟರೆ ಅದೇ ನೀರು ಬದುವನ್ನು ಕೊಚ್ಚಿಕೊಂಡು ಹೋಗುತ್ತದೆ.

ಮಗುವಿನ ಸಿಟ್ಟೂ ಹೀಗೆಯೇ. ಮಿದುಳಿನ ಒಳಭಾಗದಲ್ಲಿ ಬಾದಾಮಿ ಕಾಳಿನ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯ ಬಂತೆಂದು ತೋರಿದೊಡನೆ ಅದು ಗಂಟೆ ಬಾರಿಸುತ್ತದೆ. ಎದೆ ಬಡಿದುಕೊಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ. ಇದು ನೀರಿನ ರಭಸ. ಹಣೆಯ ಹಿಂದಿರುವ ಮುಂಮಿದುಳು "ತಡೆ, ಅವನು ಬೇಕೆಂದು ತಳ್ಳಿದ್ದಲ್ಲ" ಎಂದು ಹೇಳುವ ನೀರುಗಂಟಿ. ಸಂಕಟದ ಸಂಗತಿ ಏನೆಂದರೆ, ಗಂಟೆ ಬಾರಿಸುವ ಭಾಗ ಎಳೆತನದಲ್ಲೇ ಕೆಲಸ ಆರಂಭಿಸುತ್ತದೆ. ತಡೆ ಹಾಕುವ ಭಾಗ ಪೂರ್ತಿ ಮಾಗುವುದು ಇಪ್ಪತ್ತು ವರ್ಷ ದಾಟಿ ಇಪ್ಪತ್ತೈದರ ಹೊತ್ತಿಗೆ. ಅಂದರೆ ಎಲ್ಲ ಮಕ್ಕಳೂ ರಭಸದ ನೀರು, ಎಳೆಯ ತೂಬು ಇಟ್ಟುಕೊಂಡೇ ಬೆಳೆಯುತ್ತಾರೆ.

ದ್ರಾಕ್ಷಿ ಬೆಳೆಯುವವರಿಗೆ ಇನ್ನೊಂದು ಮಾತು ಸುಲಭವಾಗಿ ತಿಳಿದೀತು. ಕಾಲಕ್ಕೆ ಸರಿಯಾಗಿ ಬಳ್ಳಿಯನ್ನು ಸವರದಿದ್ದರೆ ಚಪ್ಪರದ ತುಂಬ ಎಲೆಯೇ, ಗೊಂಚಲಿಲ್ಲ. ಮಿದುಳೂ ಮೊದಲು ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಕೊಂಡಿಗಳನ್ನು ಬೆಳೆಸಿ, ಆಮೇಲೆ ಬಳಸದ ಕೊಂಡಿಗಳನ್ನು ಸವರಿಹಾಕುತ್ತದೆ. ಯಾವುದು ದಿನವೂ ಬಳಕೆಯಾಗುತ್ತದೋ ಅದು ಉಳಿಯುತ್ತದೆ. ತಡೆದುಕೊಳ್ಳುವುದನ್ನು ಅಭ್ಯಾಸ ಮಾಡಿದ ಮಗುವಿನಲ್ಲಿ ತಡೆಯ ದಾರಿ ಉಳಿಯುತ್ತದೆ. ದಿನವೂ ಕಿರುಚಾಟವನ್ನೇ ಅಭ್ಯಾಸ ಮಾಡಿದ ಮಗುವಿನಲ್ಲಿ ಕಿರುಚಾಟದ ದಾರಿ ಗಟ್ಟಿಯಾಗುತ್ತದೆ.

3. ನಾಲ್ಕು ರಾಸಾಯನಿಕಗಳು

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಕಣ್ಣಿಗೆ ಕಾಣದ ಸಂದು ಇದೆ. ಆ ಸಂದನ್ನು ದಾಟಿ ಸುದ್ದಿ ಮುಟ್ಟಿಸುವ ರಾಸಾಯನಿಕಗಳೇ ನರವಾಹಕಗಳು. ಸಿಟ್ಟಿನ ವಿಷಯದಲ್ಲಿ ಮೂರು ನರವಾಹಕಗಳನ್ನೂ, ರಕ್ತದಲ್ಲಿ ಹರಿಯುವ ಒಂದು ಹಾರ್ಮೋನನ್ನೂ ತಿಳಿದುಕೊಂಡರೆ ಸಾಕು.

ಸೆರೊಟೋನಿನ್: ಇದನ್ನು ತೂಬಿನ ಎಣ್ಣೆ ಎನ್ನಬಹುದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ವಯಸ್ಕರಿಗೆ ಒಂದು ದಿನದ ಮಟ್ಟಿಗೆ ಸೆರೊಟೋನಿನ್ ಕಡಿಮೆಯಾಗುವಂಥ ಆಹಾರ ಕೊಟ್ಟು, ಕೋಪದ ಮುಖಗಳ ಚಿತ್ರ ತೋರಿಸಿ, ಮಿದುಳನ್ನು ಸ್ಕ್ಯಾನ್ ಮಾಡಿದರು. 2011ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಅಮಿಗ್ಡಲ ಮತ್ತು ಮುಂಮಿದುಳಿನ ನಡುವಿನ ಸಂಪರ್ಕ ಆ ದಿನ ದುರ್ಬಲವಾಗಿತ್ತು. ಆದರೆ ಮಕ್ಕಳಲ್ಲಿ ಲೆಕ್ಕ ಇಷ್ಟು ಸರಳವಲ್ಲ. 1990ರ ಒಂದು ಅಧ್ಯಯನದಲ್ಲಿ ಪುಂಡಾಟದ ಮಕ್ಕಳ ಬೆನ್ನುಹುರಿಯ ದ್ರವದಲ್ಲಿ ಸೆರೊಟೋನಿನ್ನಿನ ಅವಶೇಷ ಕಡಿಮೆ ಕಂಡಿತು. 1994ರ ಮತ್ತೊಂದರಲ್ಲಿ ಆಕ್ರಮಣಶೀಲ ಹುಡುಗರಲ್ಲೇ ಅದು ಹೆಚ್ಚಾಗಿ ಕಂಡಿತು. ಆದ್ದರಿಂದ "ನಿಮ್ಮ ಮಗುವಿನ ರಕ್ತ ಪರೀಕ್ಷಿಸಿ ಸೆರೊಟೋನಿನ್ ಎಷ್ಟಿದೆ ಹೇಳುತ್ತೇವೆ, ಟಾನಿಕ್ ಕೊಡುತ್ತೇವೆ" ಎನ್ನುವವರನ್ನು ನಂಬಬೇಡಿ. ದೇಹದ ಸೆರೊಟೋನಿನ್ನಿನ ಬಹುಪಾಲು ಇರುವುದು ಕರುಳಿನಲ್ಲಿ. ರಕ್ತದ ಪರೀಕ್ಷೆಯಿಂದ ಮಿದುಳಿನ ಸಂಗತಿ ತಿಳಿಯುವುದಿಲ್ಲ.

ಡೋಪಮಿನ್: ಇದು ಪ್ರತಿಫಲದ ರಾಸಾಯನಿಕ. ಮಾಲು ಕೊಟ್ಟೊಡನೆ ಹಣ ಕೈಗೆ ಬಂದರೆ ವ್ಯಾಪಾರಿಗೆ ಉತ್ಸಾಹ; ಆರು ತಿಂಗಳ ಬಾಕಿ ಎಂದರೆ ಬೇಸರ. ಗಮನ ನಿಲ್ಲದ, ಕುಳಿತಲ್ಲಿ ಕೂರದ ಮಕ್ಕಳಿಗೆ ಈ ಬಾಕಿ ವ್ಯಾಪಾರ ಒಗ್ಗುವುದೇ ಇಲ್ಲ. "ವರ್ಷದ ಕೊನೆಗೆ ಪಾಸಾದರೆ ಸೈಕಲ್" ಎಂದರೆ ಅವರ ಮಿದುಳಿಗೆ ಅದು ಕೇಳಿಸುವುದಿಲ್ಲ. ಕೂಡಲೇ ಸಿಗುವ ಸಣ್ಣ ಮೆಚ್ಚುಗೆ ಕೇಳಿಸುತ್ತದೆ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧ ಕೊಟ್ಟಾಗ, ಅನೇಕರು ಕೆರಳುವ ಬದಲು ಶಾಂತವಾಗಿ ಕುಳಿತು ಓದತೊಡಗಿದರು. ಉತ್ತೇಜಿತವಾದದ್ದು ತಡೆ ಹಾಕುವ ಭಾಗ ಎಂದು ನಂತರ ತಿಳಿಯಿತು. ಚುರುಕುತನದ ಅತಿರೇಕಕ್ಕೆ ಇಂದು ಕೊಡುವ ಮೀಥೈಲ್‌ಫೆನಿಡೇಟ್ ಔಷಧವೂ ಡೋಪಮಿನ್ನಿನ ಮೇಲೆಯೇ ಕೆಲಸ ಮಾಡುತ್ತದೆ.

ನಾರ್ಅಡ್ರಿನಲಿನ್: ಇದು ಎಚ್ಚರದ, ಕಾದಾಟದ ರಾಸಾಯನಿಕ. ಸದಾ ಬೈಗುಳ, ಕೂಗಾಟ ಇರುವ ಮನೆಯ ಮಗುವಿನ ಮೈ ಯಾವಾಗಲೂ ಪೆಟ್ಟನ್ನು ನಿರೀಕ್ಷಿಸುತ್ತ ಬಿಗಿದಿರುತ್ತದೆ. ಯಾರೋ ಹಿಂದಿನಿಂದ ಭುಜ ಮುಟ್ಟಿದರೂ ಅದು ತಿರುಗಿ ಹೊಡೆಯುತ್ತದೆ.

ಕಾರ್ಟಿಸಾಲ್: ಇದು ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಬರುವ ಒತ್ತಡದ ಹಾರ್ಮೋನು. ತಪ್ಪು ಮಾಡಿ ಸಿಕ್ಕಿಬಿದ್ದಾಗ ಹೊಟ್ಟೆಯಲ್ಲಿ ತಳಮಳ ಆಗುತ್ತದಲ್ಲ, ಅದರಲ್ಲಿ ಇದಕ್ಕೆ ಪಾಲಿದೆ. ಅಮೆರಿಕದಲ್ಲಿ ಚಿಕಿತ್ಸೆಗೆ ಬಂದ 38 ಹುಡುಗರನ್ನು ನಾಲ್ಕು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊಲ್ಲಿನಲ್ಲಿ ಕಾರ್ಟಿಸಾಲ್ ಕಡಿಮೆಯಿದ್ದ ಹುಡುಗರಲ್ಲಿ ಹೊಡೆದಾಟ ಬೇಗ ಆರಂಭವಾಗಿ ಹೆಚ್ಚು ಕಾಲ ಮುಂದುವರಿದಿತ್ತು. ಇಂಥ ಮಕ್ಕಳಿಗೆ ಭಯವೇ ಕಡಿಮೆ. "ಎಷ್ಟು ಹೊಡೆದರೂ ಹೆದರುವುದಿಲ್ಲ" ಎಂದು ತಂದೆ ಹೇಳುವ ಮಾತು ಕೆಲವೊಮ್ಮೆ ಅಕ್ಷರಶಃ ನಿಜ. ಹೆದರಿಕೆಯ ಮೇಲೆ ನಿಂತ ಶಿಕ್ಷೆ ಹೆದರಿಕೆಯೇ ಕಡಿಮೆಯಿರುವ ಮಗುವಿನಲ್ಲಿ ಹೇಗೆ ತಾನೇ ಫಲಿಸೀತು?

4. ಬೀಜದ ದೋಷವೋ, ಹೊಲದ ದೋಷವೋ?

"ಅವರ ಅಜ್ಜನೂ ಹೀಗೇ ಇದ್ದ, ರಕ್ತದಲ್ಲೇ ಬಂದಿದೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 1993ರಲ್ಲಿ ಹಾಲೆಂಡಿನ ಹಾನ್ ಬ್ರೂನರ್ ಎಂಬ ತಜ್ಞರು ಒಂದು ಕುಟುಂಬದ ಗಂಡಸರಲ್ಲಿ ತಲೆಮಾರುಗಳಿಂದ ಬಂದ ಹಠಾತ್ ಹಿಂಸೆಗೆ ಮಾವೋ-ಎ ಎಂಬ ಕಿಣ್ವದ ದೋಷ ಕಾರಣವೆಂದು ತೋರಿಸಿದರು. ಕೆಲಸ ಮುಗಿದ ಸೆರೊಟೋನಿನ್, ಡೋಪಮಿನ್, ನಾರ್ಅಡ್ರಿನಲಿನ್ ಇವುಗಳನ್ನು ಒಡೆದು ವಿಲೇವಾರಿ ಮಾಡುವುದು ಈ ಕಿಣ್ವದ ಕೆಲಸ. ಆ ಕುಟುಂಬದಲ್ಲಿ ಕಿಣ್ವ ಕೆಲಸವನ್ನೇ ಮಾಡುತ್ತಿರಲಿಲ್ಲ. ಇದು ತೀರ ಅಪರೂಪ.

ಆದರೆ ಈ ಕಿಣ್ವ ಸ್ವಲ್ಪ ಮಂದವಾಗಿರುವ ಜನ ಎಲ್ಲ ದೇಶಗಳಲ್ಲೂ ಬೇಕಾದಷ್ಟಿದ್ದಾರೆ. ಅವರ ಗತಿ ಏನು? ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಎಳವೆಯಿಂದ ಸಂಶೋಧಕರು ಗಮನಿಸುತ್ತ ಬಂದಿದ್ದರು. 2002ರಲ್ಲಿ ಅವರ್ಷಲೋಮ್ ಕ್ಯಾಸ್ಪಿ ಮತ್ತು ಟೆರ್ರಿ ಮಾಫಿಟ್ ಅವರ ತಂಡ ಗಂಡುಮಕ್ಕಳ ಲೆಕ್ಕವನ್ನು ತೆಗೆದು ನೋಡಿತು. ಕಿಣ್ವ ಮಂದವಾಗಿದ್ದು ಬಾಲ್ಯದಲ್ಲಿ ಹೊಡೆತ, ಹಿಂಸೆ ಅನುಭವಿಸಿದವರಲ್ಲಿ ದೊಡ್ಡವರಾದ ಮೇಲೆ ಹಿಂಸಾಚಾರ ಹೆಚ್ಚಾಗಿತ್ತು. ಅದೇ ಮಂದ ಕಿಣ್ವ ಇದ್ದೂ ನೆಮ್ಮದಿಯ ಮನೆಯಲ್ಲಿ ಬೆಳೆದವರಲ್ಲಿ ಹಾಗಾಗಲಿಲ್ಲ. ನಂತರದ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲವಾದರೂ, ಹಲವನ್ನು ಕೂಡಿಸಿ ನೋಡಿದಾಗ ಗಂಡುಮಕ್ಕಳಲ್ಲಿ ಲೆಕ್ಕ ಇದೇ ದಿಕ್ಕಿಗೆ ಬಂದಿದೆ.

ರೈತರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬೀಜ ನಮ್ಮ ಕೈಯಲ್ಲಿಲ್ಲ, ಹೊಲದ ಹದ ನಮ್ಮ ಕೈಯಲ್ಲಿದೆ.

5. ಹೊರಗಿನಿಂದ ಬರುವ ವಿಷ, ಒಳಗಿನ ಕೊರತೆ

ಮೊದಲನೆಯದು ಸೀಸ. ಸೀಸವು ದೇಹದಲ್ಲಿ ಸುಣ್ಣದ ವೇಷ ಹಾಕಿಕೊಂಡು ನರಕೋಶದೊಳಗೆ ನುಗ್ಗಿ ನರವಾಹಕಗಳ ಬಿಡುಗಡೆಯನ್ನು ಕೆಡಿಸುತ್ತದೆ. ಅಮೆರಿಕದ ಹರ್ಬರ್ಟ್ ನೀಡಲ್‌ಮನ್ 1979ರಲ್ಲಿ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ತರಗತಿಯಲ್ಲಿ ಹೆಚ್ಚು ಚಂಚಲರೆಂದು ತೋರಿಸಿದರು. 1996ರಲ್ಲಿ ಮೂಳೆಯಲ್ಲಿ ಸೀಸ ಹೆಚ್ಚಿದ್ದ ಹುಡುಗರಲ್ಲಿ ಹೊಡೆದಾಟವೂ ಹೆಚ್ಚೆಂದು ಕಂಡುಕೊಂಡರು. ನಮ್ಮ ದೇಶದಲ್ಲಿ ಈ ಎಚ್ಚರ ಮೂಡಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ವೆಂಕಟೇಶ್ ತುಪ್ಪಿಲ್ ಪ್ರಮುಖರು. ಪೆಟ್ರೋಲಿನಲ್ಲಿ ಸೀಸ ಬೆರೆಸುವುದು ದೇಶಾದ್ಯಂತ 2000ದಲ್ಲಿ ನಿಂತಿತು. ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೂ ಹಳೆಯ ಬಾಗಿಲಿನ ಬಣ್ಣದ ಚಕ್ಕೆ, ಮನೆಯಂಗಳದಲ್ಲಿ ಒಡೆದ ಇನ್ವರ್ಟರ್ ಅಥವಾ ಟ್ರ್ಯಾಕ್ಟರ್ ಬ್ಯಾಟರಿ ಇಂದಿಗೂ ಅಪಾಯವೇ. ಹಳದಿ ಹೊಳಪಿಗಾಗಿ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಬೆರೆಸುವ ದಂಧೆಯನ್ನು ಬಾಂಗ್ಲಾದೇಶದಲ್ಲಿ ಪತ್ತೆ ಮಾಡಿದ ಮೇಲೆ ಅಲ್ಲಿ ಸರ್ಕಾರ ಕಠಿಣ ಕ್ರಮ ಕೈಗೊಂಡಿತು. ಕಿರಾಣಿ ವ್ಯಾಪಾರದ ಬಂಧುಗಳು ಅತಿ ಹೊಳೆಯುವ ಅಗ್ಗದ ಪುಡಿಯನ್ನು ದೂರವಿಡುವುದು ಒಳ್ಳೆಯದು. ಅದು ಯಾರದೋ ಮಗುವಿನ ಮಿದುಳಿಗೆ ಹೋಗುವ ಮಾಲು.

ಎರಡನೆಯದು ಕೀಟನಾಶಕ. ಆರ್ಗನೋಫಾಸ್ಫೇಟ್ ಜಾತಿಯ ಔಷಧಗಳು ಹುಳುವನ್ನು ಕೊಲ್ಲುವುದೇ ನರವಾಹಕವೊಂದನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕಿ. ಆ ಕಿಣ್ವ ಮಗುವಿನ ಮೈಯಲ್ಲೂ ಇದೆ. ಗರ್ಭದಲ್ಲಿದ್ದಾಗ ಕ್ಲೋರ್‌ಪೈರಿಫಾಸ್‌ಗೆ ಹೆಚ್ಚು ಒಡ್ಡಿಕೊಂಡ ಮಕ್ಕಳಲ್ಲಿ ಮೂರನೆಯ ವಯಸ್ಸಿಗೆ ಗಮನದ ತೊಂದರೆ ಹೆಚ್ಚೆಂದು ನ್ಯೂಯಾರ್ಕಿನ 2006ರ ಅಧ್ಯಯನ ಹೇಳಿತು. ತೋಟಕ್ಕೆ ಸಿಂಪಡಿಸಿ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಗರ್ಭಿಣಿಯರು ಸಿಂಪಡಣೆಯ ಹತ್ತಿರ ಹೋಗಬಾರದು. ಖಾಲಿ ಡಬ್ಬದಲ್ಲಿ ಎಣ್ಣೆ, ನೀರು ಇಡಬಾರದು.

ಮೂರನೆಯದು ಕಬ್ಬಿಣಾಂಶದ ಕೊರತೆ. ಡೋಪಮಿನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇಬೇಕು. ರಕ್ತ ಕಡಿಮೆಯಾದ ಮಗು ಮಂಕಾಗುವಂತೆ ಸಿಡುಕೂ ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ತಮಿಳುನಾಡಿನಲ್ಲಿ ನೂರಕ್ಕೆ 57.4, ಕರ್ನಾಟಕದಲ್ಲಿ 65.5. ರಕ್ತ ಪರೀಕ್ಷೆ ಸುಲಭ, ಚಿಕಿತ್ಸೆ ಅಗ್ಗ. ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬಾರದು.

ನಾಲ್ಕನೆಯದು ನಿದ್ದೆ. ಶಾಲೆಗೆ ಹೋಗುವ ಮಗುವಿಗೆ ರಾತ್ರಿ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ನಿದ್ದೆಗೆಟ್ಟ ಮರುದಿನ ದೊಡ್ಡವರಾದ ನಮಗೇ ತಾಳ್ಮೆ ಇರುವುದಿಲ್ಲ. ಮೊಬೈಲು ಹಿಡಿದು ಹನ್ನೊಂದರವರೆಗೆ ಎದ್ದಿರುವ ಮಗುವಿನ ತೂಬು ಮರುದಿನ ಹೇಗೆ ಕೆಲಸ ಮಾಡೀತು?

6. ಬೆತ್ತ ಏಕೆ ಸೋಲುತ್ತದೆ?

ದಂಡಂ ದಶಗುಣಂ ಎಂದು ನಂಬಿ ಬೆಳೆದವರು ನಾವು. ನಾನೂ ಹಾಗೆಯೇ ಇದ್ದೆ. ನನ್ನ ಹಿರಿಯ ಮಗ ಒಂಬತ್ತರ ವಯಸ್ಸಿನಲ್ಲಿ ಕಚ್ಚುವುದು, ಎಸೆಯುವುದು ಮಾಡುತ್ತಿದ್ದಾಗ ನನ್ನ ಕೈಯೇ ಮುಂದಾಗುತ್ತಿತ್ತು. ಕೊನೆಗೆ ಮದುರೆಯ ಒಬ್ಬ ವೈದ್ಯರ ಬಳಿ ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಹೊಡೆದ ಮೇಲೆ ಎಷ್ಟು ಹೊತ್ತು ಸರಿಯಾಗಿರುತ್ತಾನೆ?" ಊರಿನವರ ಕಾಸು ಕಾಸಿಗೂ ಲೆಕ್ಕ ಇಡುವ ನನ್ನ ಬಳಿ ಈ ಲೆಕ್ಕ ಇರಲಿಲ್ಲ. ಅವರ ಮಾತಿನಂತೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಜಗಳದ ಸಮಯ, ಅದಕ್ಕೆ ಮೊದಲು ಏನಾಯಿತು, ನಾವೇನು ಮಾಡಿದೆವು, ಆಮೇಲೆ ಏನಾಯಿತು. ಪುಸ್ತಕ ನೋಡಿದಾಗ ತಿಳಿದದ್ದು: ಬಹುಪಾಲು ಜಗಳ ಸಂಜೆ, ಹಸಿದು ಬಂದ ಹೊತ್ತಿನಲ್ಲಿ, ನಾನು ಹೊಡೆದ ದಿನವೇ ರಾತ್ರಿ ಅವನು ತಮ್ಮನಿಗೆ ಹೊಡೆಯುತ್ತಿದ್ದ. ನನ್ನ ಪೆಟ್ಟು ಹಾಗೆಯೇ ಕೆಳಗಿನ ಖಾತೆಗೆ ವರ್ಗವಾಗುತ್ತಿತ್ತು.

ಅಮೆರಿಕದ ಆರೆಗನ್ನಿನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಮನೆಗಳಲ್ಲಿ ಕುಳಿತು ಇದನ್ನೇ ಬರೆದುಕೊಂಡರು. ತಾಯಿ ಹೇಳುತ್ತಾಳೆ, ಮಗು ಕಿರುಚುತ್ತದೆ, ತಾಯಿ ಸೋತು ಬಿಟ್ಟುಬಿಡುತ್ತಾಳೆ. ಮಗು ಕಲಿತದ್ದು: ಕಿರುಚಿದರೆ ಗೆಲುವು. ಇನ್ನೊಂದು ದಿನ ತಂದೆ ಜೋರಾಗಿ ಹೊಡೆಯುತ್ತಾನೆ, ಮಗು ಸುಮ್ಮನಾಗುತ್ತದೆ. ತಂದೆ ಕಲಿತದ್ದು: ಹೊಡೆದರೆ ಗೆಲುವು. ಇಬ್ಬರೂ ಒಬ್ಬರಿಗೊಬ್ಬರು ಹಿಂಸೆಯನ್ನೇ ಕಲಿಸುತ್ತ ಮೇಲೇರುತ್ತಾರೆ. ಸುಮಾರು 1 ಲಕ್ಷ 60 ಸಾವಿರ ಮಕ್ಕಳನ್ನು ಒಳಗೊಂಡ ಹಲವಾರು ಅಧ್ಯಯನಗಳನ್ನು ಕೂಡಿಸಿ 2016ರಲ್ಲಿ ನೋಡಿದಾಗ, ಪೆಟ್ಟು ತಿಂದ ಮಕ್ಕಳಲ್ಲಿ ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ; ಆಕ್ರಮಣ ಹೆಚ್ಚಾಗಿ ಕಂಡಿತು. ಹಠಮಾರಿ ಮಕ್ಕಳಿಗೇ ಹೆಚ್ಚು ಪೆಟ್ಟು ಬೀಳುವುದೂ ಇದಕ್ಕೆ ಸ್ವಲ್ಪ ಕಾರಣವಿರಬಹುದು. ಆದರೆ ಪೆಟ್ಟಿನಿಂದ ಲಾಭವಾಯಿತೆಂಬ ಲೆಕ್ಕ ಎಲ್ಲಿಯೂ ಸಿಕ್ಕಲಿಲ್ಲ. ಬೆಂಗಳೂರಿನ ಅಧ್ಯಯನವೂ ದೈಹಿಕ ಹಿಂಸೆಯತ್ತಲೇ ಬೆರಳು ತೋರಿಸಿದ್ದನ್ನು ನೆನೆಯಬೇಕು. ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ನಿಷೇಧಿಸಿದೆ.

7. ಮನೆಯಲ್ಲಿ ಮಾಡಬೇಕಾದ್ದು

ತಂದೆ-ತಾಯಿಗೆ ತರಬೇತಿ ಕೊಡುವುದೇ ಈ ತೊಂದರೆಗೆ ಮೊದಲ ಚಿಕಿತ್ಸೆ ಎಂದು ತಜ್ಞರು ಒಪ್ಪಿದ್ದಾರೆ. ಅದರ ಸಾರ ಇಷ್ಟು:

ಒಂದು, ದಿನಕ್ಕೆ ಹದಿನೈದು ನಿಮಿಷ ಮಗುವಿನೊಡನೆ ಅದು ಹೇಳಿದ ಆಟ ಆಡಿ. ಆ ಹೊತ್ತಿನಲ್ಲಿ ಉಪದೇಶ ಬೇಡ, ಫೋನೂ ಬೇಡ.

ಎರಡು, ಒಳ್ಳೆಯದನ್ನು ಕಂಡೊಡನೆ ಹೆಸರಿಸಿ ಮೆಚ್ಚಿ. "ಜಾಣ" ಎಂದರೆ ಸಾಲದು. "ತಂಗಿ ಗೊಂಬೆ ಕಿತ್ತುಕೊಂಡರೂ ನೀನು ಕೈ ಎತ್ತಲಿಲ್ಲ" ಎಂದು ಹೇಳಿ.

ಮೂರು, ಆಜ್ಞೆ ಒಂದೇ ಸಲ, ಚಿಕ್ಕದಾಗಿ, ಹತ್ತಿರ ಹೋಗಿ, ಮೆಲುದನಿಯಲ್ಲಿ. ಅಡುಗೆಮನೆಯಿಂದ ಹತ್ತು ಸಲ ಕೂಗುವುದರಿಂದ ಒಂಬತ್ತು ಸಲ ಕೇಳದಿರುವುದನ್ನು ನಾವೇ ಕಲಿಸಿದಂತಾಗುತ್ತದೆ.

ನಾಲ್ಕು, ತಪ್ಪಿಗೆ ಸಣ್ಣದಾದ, ಕೂಡಲೇ ಬರುವ, ಎಂದೂ ತಪ್ಪದ ಪರಿಣಾಮ ಇರಲಿ. ಎಸೆದ ಆಟಿಕೆ ಆ ದಿನ ಬೀರುವಿನೊಳಗೆ. ಚೆಲ್ಲಿದ್ದನ್ನು ತಾನೇ ಒರೆಸಬೇಕು.

ಐದು, ಸಿಟ್ಟು ಏರಿದ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ. ಪ್ರವಾಹದ ಹೊತ್ತಿನಲ್ಲಿ ತೂಬು ರಿಪೇರಿ ಮಾಡುವವರಿಲ್ಲ. ಯಾರಿಗೂ ಪೆಟ್ಟಾಗದಂತೆ ನೋಡಿಕೊಂಡು, ತಣ್ಣಗಾದ ಮೇಲೆ ಮಾತನಾಡಿ.

ಆರು, ತಂದೆ, ತಾಯಿ, ಅಜ್ಜ, ಅಜ್ಜಿ ನಾಲ್ವರದೂ ಒಂದೇ ಮಾತಾಗಲಿ. ತಾಯಿ ಬೇಡವೆಂದದ್ದನ್ನು ಅಜ್ಜ ಅಂಗಡಿಯಿಂದ ಕೊಡಿಸಿದರೆ ಲೆಕ್ಕ ಹೊಂದುವುದಿಲ್ಲ.

ಏಳು, ಮನೆಯಲ್ಲಿ ಕುಡಿತವಿದ್ದರೆ, ತಾಯಿ ಖಿನ್ನತೆಯಿಂದ ಬಳಲುತ್ತಿದ್ದರೆ ಮೊದಲು ಆ ಹಿರಿಯರಿಗೆ ಚಿಕಿತ್ಸೆಯಾಗಲಿ.

ಮೊದಲ ಕೆಲವು ದಿನ ಹಠ ಇನ್ನೂ ಹೆಚ್ಚಾಗುವುದುಂಟು. ಹಳೆಯ ದಾರಿ ಮುಚ್ಚಿದಾಗ ನೀರು ಒಮ್ಮೆ ಉಕ್ಕುತ್ತದೆ. ಆಗ ಕೈಬಿಡಬಾರದು, ತಿಂಗಳುಗಳ ಲೆಕ್ಕದಲ್ಲಿ ಫಲ ಕಾಣುತ್ತದೆ.

8. ವೈದ್ಯರ ಬಳಿಗೆ ಯಾವಾಗ?

ಮಗು ತನಗೋ ಇತರರಿಗೋ ಗಾಯ ಮಾಡಿದರೆ, ಪ್ರಾಣಿಗಳನ್ನು ಹಿಂಸಿಸಿದರೆ, ಬೆಂಕಿ ಹಚ್ಚಿದರೆ, ಸಾಯುವ ಮಾತನಾಡಿದರೆ, ಶಾಲೆ ಬಿಡುವ ಹಂತಕ್ಕೆ ಬಂದರೆ, ಅಥವಾ ಶಾಂತವಾಗಿದ್ದ ಮಗು ಏಕಾಏಕಿ ಬದಲಾದರೆ ತಡಮಾಡಬಾರದು. ಏಕಾಏಕಿ ಬದಲಾವಣೆಯ ಹಿಂದೆ ಮೂರ್ಛೆರೋಗ ಇರಬಹುದು, ಯಾರೋ ಮಗುವಿಗೆ ಕೊಡುತ್ತಿರುವ ಕಿರುಕುಳವೂ ಇರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಮೀಸಲಾದ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗಲಾರದವರು ತೇಣಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಮದುರೆಯ ರಾಜಾಜಿ ಆಸ್ಪತ್ರೆಯಲ್ಲೋ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು. ಮಗುವಿನ ಸಂಕಟವನ್ನು ತಾಯಿ ತನ್ನ ಮಾತಿನಲ್ಲೇ ಹೇಳಿಕೊಳ್ಳುವುದು ನಮ್ಮಂಥ ಗಡಿನಾಡಿನವರಿಗೆ ಸಣ್ಣ ಅನುಕೂಲವಲ್ಲ.

ಬರಿಯ ಹಠಕ್ಕೆ ಮಾತ್ರೆಯಿಲ್ಲ. ಜೊತೆಗೆ ಚುರುಕುತನದ ಅತಿರೇಕ, ಖಿನ್ನತೆ, ಮೂರ್ಛೆ ಇದ್ದರೆ ಅವಕ್ಕೆ ಔಷಧವಿದೆ. ಅವು ಹತೋಟಿಗೆ ಬಂದರೆ ಹಠವೂ ಇಳಿಯುತ್ತದೆ. ಅತಿ ತೀವ್ರ ಆಕ್ರಮಣಕ್ಕೆ ರಿಸ್ಪೆರಿಡೋನ್‌ನಂಥ ಔಷಧವನ್ನು ಸ್ವಲ್ಪ ಕಾಲ ಕೊಡುವುದುಂಟು. ತೂಕ ಹೆಚ್ಚುವ ಭಯವಿರುವುದರಿಂದ ವೈದ್ಯರ ನಿಗಾ ಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಔಷಧದಂಗಡಿಯಲ್ಲಿ ಕೊಳ್ಳಬೇಡಿ. ಶುರುಮಾಡಿದ್ದನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ.

ಪಾಠದ ಸಾರ

ಹಠಮಾರಿ ಮಗು ಕೆಟ್ಟ ಮಗುವಲ್ಲ. ತಡೆ ಹಾಕುವ ಶಕ್ತಿ ಇನ್ನೂ ಎಳೆಯದಾಗಿರುವ ಮಗು. ಯಾವುದೋ ಒಂದು ರಾಸಾಯನಿಕ ಕಡಿಮೆಯಾದ್ದರಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ. ಹುಟ್ಟುಗುಣ, ಆಹಾರ, ನಿದ್ದೆ, ವಿಷ, ಮನೆಯ ವಾತಾವರಣ ಎಲ್ಲ ಸೇರಿ ಆ ಲೆಕ್ಕ ಆಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಬೆತ್ತ ಎತ್ತುವುದಕ್ಕೆ ಬಳಸುತ್ತೇವೆ. ಗಿಡ ಬಗ್ಗಿಸುವವನು ಅದಕ್ಕೆ ಹೊಡೆಯುವುದಿಲ್ಲ. ಊರುಗೋಲು ಕೊಟ್ಟು, ಸಡಿಲವಾಗಿ ಕಟ್ಟಿ, ದಿನವೂ ನೋಡುತ್ತಾನೆ.

ಮನೆಯವರೆಲ್ಲ ಕೂಡಿ ಚರ್ಚಿಸಲು: (ಅ) ನಮ್ಮ ಮನೆಯಲ್ಲಿ ಜಗಳ ಹೆಚ್ಚಾಗುವ ಹೊತ್ತು ಯಾವುದು, ಏಕೆ? (ಆ) ಈ ವಾರ ಮಗುವನ್ನು ಮೆಚ್ಚಿದ್ದು ಎಷ್ಟು ಸಲ, ಗದರಿದ್ದು ಎಷ್ಟು ಸಲ? (ಇ) ಮಗುವಿನ ರಕ್ತ, ಕಿವಿ, ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತು? ಒಂದು ಹಳೆಯ ನೋಟುಪುಸ್ತಕ ತೆಗೆದು ಎರಡು ವಾರ ಬರೆದು ನೋಡಿ. ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಆ ಪುಸ್ತಕವೇ ನೀವು ಕೊಂಡೊಯ್ಯಬೇಕಾದ ಮೊದಲ ದಾಖಲೆ.